ಲ್ಯಾಪ್‌ಟಾಪ್‌ಗೆ ಮಾನಿಟರ್ ಸಿಗುತ್ತಿಲ್ಲವೇ? ದೋಷ ಎಲ್ಲಿದೆಯೆಂದು ಹೀಗೆ ಪತ್ತೆ ಮಾಡಿ

ಕೇಬಲ್ ಹಾಕಿದ್ದಾಗಿದೆ, ಮಾನಿಟರ್ ಆನ್ ಆಗಿದೆ, ಪರದೆಯ ಮೇಲೆ ಮಾತ್ರ ‘ನೋ ಸಿಗ್ನಲ್’ ಬಿಟ್ಟರೆ ಬೇರೇನೂ ಇಲ್ಲ. ಹೀಗಾದಾಗ ಬಹಳ ಮಂದಿ ಒಂದೇ ಉಸಿರಿಗೆ ಎಲ್ಲವನ್ನೂ ಮಾಡಿಬಿಡುತ್ತಾರೆ. ಡ್ರೈವರ್ (ಒಳಗಿನ ಯಂತ್ರಭಾಗವನ್ನು ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕುತ್ತಾರೆ, ಕೇಬಲ್ ಬದಲಿಸುತ್ತಾರೆ, ಅದರ ನಡುವೆಯೇ ವಿಂಡೋಸ್ ಅಪ್‌ಡೇಟ್ ಕೂಡ ಶುರು ಮಾಡುತ್ತಾರೆ. ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಸರಿಹೋಗದಿದ್ದರೆ ರಿಪೇರಿ ಅಂಗಡಿಯಲ್ಲಿ ‘ಬೋರ್ಡ್ ಹೋಗಿದೆ’ ಎಂಬ ಮಾತು ಕೇಳಿ, ಸಾವಿರಾರು ರೂಪಾಯಿಯ ಖರ್ಚಿಗೆ ಒಪ್ಪಿಕೊಂಡು ಬರುತ್ತಾರೆ. ಹೀಗೆ ಒಪ್ಪಿಕೊಂಡವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಾನು ನೋಡಿದ ಮಟ್ಟಿಗೆ ದೋಷ ಇರುವುದು ಹೆಚ್ಚಾಗಿ ಕೇಬಲ್‌ನಲ್ಲಿ, ಕನ್ವರ್ಟರ್‌ನಲ್ಲಿ, ಇಲ್ಲವೇ ಗ್ರಾಫಿಕ್ಸ್ ಡ್ರೈವರ್‌ನಲ್ಲಿ.

ಆದ್ದರಿಂದ ಕೆಲಸ ಶುರು ಮಾಡುವ ಮೊದಲು ಒಂದು ಚೀಟಿ, ಒಂದು ಪೆನ್ನು ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತೆಂದು ನೋಡಿ, ಬರೆದುಕೊಳ್ಳಿ. ಮುಂದೆ ಹೇಳುವುದೆಲ್ಲ ಈ ನಿಯಮದ ಮೇಲೆಯೇ ನಿಂತಿದೆ.

ಮಾನಿಟರ್ ಗೊತ್ತಾಗುತ್ತಿಲ್ಲವೋ, ಗೊತ್ತಾಗಿಯೂ ಚಿತ್ರ ಬರುತ್ತಿಲ್ಲವೋ?

ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಆದರೆ ಕಾರಣಗಳು ಬೇರೆ ಬೇರೆ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಸಿಸ್ಟಂ, ಅದರಲ್ಲಿ ಡಿಸ್‌ಪ್ಲೇ ತೆರೆಯಿರಿ. ಅಲ್ಲಿ 1 ಮತ್ತು 2 ಎಂದು ಬರೆದ ಎರಡು ಚೌಕ ಕಂಡರೆ ಲ್ಯಾಪ್‌ಟಾಪ್‌ಗೆ ಮಾನಿಟರ್ ಸಿಕ್ಕಿದೆ ಎಂದರ್ಥ. ಆಗ ಕೇಬಲ್ ಬದಲಿಸಲು ಓಡಬೇಡಿ. ವಿಂಡೋಸ್ ಕೀ ಹಿಡಿದು ಪಿ ಒತ್ತಿ, ‘ಪಿಸಿ ಸ್ಕ್ರೀನ್ ಓನ್ಲಿ’ ಎಂದಿದ್ದರೆ ಅದನ್ನು ‘ಎಕ್ಸ್‌ಟೆಂಡ್’ ಅಥವಾ ‘ಡೂಪ್ಲಿಕೇಟ್’ ಮಾಡಿ. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಎರಡು ಪರದೆಯ ಚಿತ್ರವಿರುವ ಕೀಗೆ ಅರಿವಿಲ್ಲದೆ ಕೈತಾಕಿದರೂ ಇದು ಬದಲಾಗುತ್ತದೆ.

ಒಂದೇ ಚೌಕವಿದ್ದರೆ ಅದೇ ಪುಟದಲ್ಲಿ ‘ಮಲ್ಟಿಪಲ್ ಡಿಸ್‌ಪ್ಲೇಸ್’ ಕೆಳಗಿನ ‘ಡಿಟೆಕ್ಟ್’ ಒತ್ತಿ. ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ ಎಕ್ಸ್‌ರಾಂಡರ್ (xrandr) ಕಮಾಂಡ್ ಕೊಟ್ಟರೆ ಪ್ರತಿ ಪೋರ್ಟಿನ ಎದುರು ‘ಕನೆಕ್ಟೆಡ್’ ಅಥವಾ ‘ಡಿಸ್‌ಕನೆಕ್ಟೆಡ್’ ಎಂದು ಬರುತ್ತದೆ. ಪರದೆಗೆ ಚಿತ್ರ ಕೊಡುವ ವೇಲ್ಯಾಂಡ್ ಎಂಬ ವ್ಯವಸ್ಥೆ ಇರುವ ಹೊಸ ಉಬುಂಟುಗಳಲ್ಲಿ (ಉಬುಂಟು ಲಿನಕ್ಸ್‌ನ ಒಂದು ಬಗೆ) ಅದರ ಬದಲು ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್ ಪುಟ ನೋಡುವುದು ಒಳ್ಳೆಯದು. ಇಷ್ಟು ಮಾಡಿದ ಮೇಲೂ ಎರಡನೆಯ ಪರದೆಯ ಸುಳಿವೇ ಇಲ್ಲವೆಂದರೆ ಮುಂದಿನ ಮಾತು ನಿಮಗೆ.

ಲ್ಯಾಪ್‌ಟಾಪ್ ಮಾನಿಟರನ್ನು ಗುರುತಿಸುವುದು ಹೇಗೆಂದು ತಿಳಿದರೆ ಅರ್ಧ ಕೆಲಸ ಹಗುರ. ಎಚ್‌ಡಿಎಂಐ ಪ್ಲಗ್‌ನಲ್ಲಿ 19 ಪಿನ್‌ಗಳಿವೆ. ಚಿತ್ರ ಹೊತ್ತು ಹೋಗುವ ಪಿನ್‌ಗಳು ಬೇರೆ, ಪರಿಚಯ ಮಾಡಿಕೊಳ್ಳುವ ಪಿನ್‌ಗಳು ಬೇರೆ. 18ನೇ ಪಿನ್ ಮೂಲಕ ಲ್ಯಾಪ್‌ಟಾಪ್ 5 ವೋಲ್ಟ್ ಕಳಿಸುತ್ತದೆ. ಆ ವಿದ್ಯುತ್ ಮಾನಿಟರಿಗೆ ತಲುಪಿದಾಗ ಮಾನಿಟರ್ 19ನೇ ಪಿನ್ ಮೂಲಕ ‘ನಾನಿದ್ದೇನೆ’ ಎಂದು ಸಂಕೇತ ಕೊಡುತ್ತದೆ. ಇದಕ್ಕೆ ಹಾಟ್ ಪ್ಲಗ್ ಡಿಟೆಕ್ಟ್ ಎಂದು ಹೆಸರು. ಅದಾದ ಮೇಲೆ 15 ಮತ್ತು 16ನೇ ಪಿನ್‌ಗಳ ಮೂಲಕ ಲ್ಯಾಪ್‌ಟಾಪ್ ಮಾನಿಟರಿನೊಳಗಿನ ಒಂದು ಪುಟ್ಟ ದಾಖಲೆಯನ್ನು ಓದುತ್ತದೆ. ಇಡಿಐಡಿ ಎನ್ನುವ ಈ ದಾಖಲೆ ಕನಿಷ್ಠ 128 ಬೈಟ್‌ನದು. ತಯಾರಕರು ಯಾರು, ಯಾವ ಮಾಡೆಲ್, ಯಾವ ಯಾವ ರೆಸಲ್ಯೂಷನ್ ತೋರಿಸಬಲ್ಲದು ಎಂಬುದೆಲ್ಲ ಅದರಲ್ಲಿದೆ. ಈ ಪರಿಚಯ ಮುಗಿದ ಮೇಲಷ್ಟೇ ಚಿತ್ರ ಹೊರಡುತ್ತದೆ.

ಚಿತ್ರದ ತಂತಿಗಳೆಲ್ಲ ಸರಿಯಿದ್ದು ಪರಿಚಯದ ಈ ನಾಲ್ಕು ತಂತಿಗಳಲ್ಲಿ ಒಂದು ಕಡಿದರೂ ಲ್ಯಾಪ್‌ಟಾಪ್ ಪಾಲಿಗೆ ಮಾನಿಟರ್ ಇಲ್ಲದಂತೆಯೇ ಆಗಬಹುದು. ಪ್ಲಗ್ ಅರ್ಧ ಒಳಗೆ ಕೂತಿದ್ದರೂ ಅಷ್ಟೇ. ಮಾನಿಟರನ್ನು ಗೋಡೆಗೆ ತೀರಾ ಒತ್ತಿ ಇಟ್ಟು ಕೇಬಲ್ ಚೂಪಾಗಿ ಬಾಗಿದ್ದರೆ ಮೊದಲು ಅದನ್ನು ಸಡಿಲ ಬಿಡಿ, ಎರಡೂ ತುದಿಯನ್ನು ಕಿತ್ತು ಕೊನೆಯವರೆಗೆ ತಳ್ಳಿ ಹಾಕಿ.

ಕರೆಂಟ್ ಪೂರ್ತಿ ತೆಗೆಯುವುದು

ಸುಲಭವಾದ ಈ ಹೆಜ್ಜೆಯನ್ನೇ ಬಹಳ ಜನ ಅರ್ಧಂಬರ್ಧ ಮಾಡುತ್ತಾರೆ. ಮಾನಿಟರಿನ ಬಟನ್ ಒತ್ತಿ ಆಫ್ ಮಾಡಿದರೆ ಅದು ಆಫ್ ಆಗುವುದಿಲ್ಲ, ಸ್ಟ್ಯಾಂಡ್‌ಬೈಗೆ ಹೋಗುತ್ತದೆ. ಒಳಗಿನ ಚಿಪ್‌ಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಕರೆಂಟ್ ಹೋಗಿ ಬಂದು, ನಡುವೆ ಇನ್ವರ್ಟರ್ ಬದಲಾಗುವ ನಮ್ಮ ಮನೆಗಳಲ್ಲಿ ಆ ಚಿಪ್ ಸಿಕ್ಕಿಹಾಕಿಕೊಂಡು ಉತ್ತರ ಕೊಡದೆ ಸುಮ್ಮನಾಗುವುದು ಉಂಟು. ಗೋಡೆಯ ಸಾಕೆಟ್‌ನಿಂದಲೇ ಪ್ಲಗ್ ಕಿತ್ತು, ವಿಡಿಯೋ ಕೇಬಲ್ ಕೂಡ ತೆಗೆದು, ನಾಲ್ಕೈದು ನಿಮಿಷ ಹಾಗೇ ಬಿಡಿ.

ಲ್ಯಾಪ್‌ಟಾಪ್ ಕಡೆಯೂ ಇದೇ ಕಥೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ‘ಶಟ್ ಡೌನ್’ ಮಾಡಿದಾಗ ಒಳಗಿನ ಸ್ಥಿತಿಯ ಒಂದು ಭಾಗ ಡಿಸ್ಕ್‌ನಲ್ಲಿ ಉಳಿದು, ಮತ್ತೆ ಆನ್ ಮಾಡಿದಾಗ ಹಾಗೆಯೇ ಎದ್ದು ಬರುತ್ತದೆ. ಕೆಟ್ಟು ಕೂತಿದ್ದ ಡ್ರೈವರ್ ಕೂಡ ಅದರ ಜೊತೆ ವಾಪಸ್ ಬರಬಹುದು. ಶಿಫ್ಟ್ ಕೀ ಹಿಡಿದುಕೊಂಡೇ ಶಟ್ ಡೌನ್ ಒತ್ತಿದರೆ ಪೂರ್ತಿ ಆಫ್ ಆಗುತ್ತದೆ. ಬಳಿಕ ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ ಅನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಈಗ ಮಾನಿಟರ್ ಆನ್ ಮಾಡಿ, ಅದರ ಮೆನುವಿನಲ್ಲಿ ‘ಇನ್‌ಪುಟ್ ಸೋರ್ಸ್’ ಅನ್ನು ಆಟೋದಲ್ಲಿ ಬಿಡದೆ ನೀವು ಕೇಬಲ್ ಹಾಕಿರುವ ಪೋರ್ಟನ್ನೇ ಆರಿಸಿ. ಎಚ್‌ಡಿಎಂಐ 1 ಮತ್ತು ಎಚ್‌ಡಿಎಂಐ 2 ಎಂದು ಎರಡಿದ್ದರೆ ಪೋರ್ಟಿನ ಪಕ್ಕ ಅಚ್ಚಾಗಿರುವುದನ್ನು ಓದಿಯೇ ಆರಿಸಿ. ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡಿ.

ಆನ್ ಮಾಡುವ ಈ ಕ್ಷಣ ಬಹಳ ಮುಖ್ಯ, ಕಣ್ಣಿಟ್ಟು ನೋಡಿ. ವಿಂಡೋಸ್ ಬರುವ ಮೊದಲೇ, ಕಂಪನಿಯ ಲೋಗೋ ಬರುವ ಹೊತ್ತಿನಲ್ಲಿ, ಹೊರಗಿನ ಮಾನಿಟರಿನಲ್ಲಿ ಏನಾದರೂ ಮೂಡಿತೇ? ಮೂಡಿ, ವಿಂಡೋಸ್ ಬಂದ ಮೇಲೆ ಮಾಯವಾದರೆ ಕೇಬಲ್, ಪೋರ್ಟ್, ಮಾನಿಟರ್ ಮೂರೂ ಸರಿಯಿವೆ, ತಪ್ಪು ಸಾಫ್ಟ್‌ವೇರ್‌ನದು. ಮೂಡದಿದ್ದರೆ ಹಾರ್ಡ್‌ವೇರ್ ಕೆಟ್ಟಿದೆ ಎಂದು ತೀರ್ಮಾನಿಸಲು ಬಾರದು, ಕೆಲವು ಲ್ಯಾಪ್‌ಟಾಪ್‌ಗಳು ಲೋಗೋವನ್ನು ಒಳಗಿನ ಪರದೆಗಷ್ಟೇ ಕೊಡುತ್ತವೆ. ಅನುಮಾನ ಉಳಿದರೆ ಪೆನ್‌ಡ್ರೈವ್‌ನಲ್ಲಿ ಉಬುಂಟು ಹಾಕಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಆಯ್ಕೆಯಲ್ಲಿ ಓಡಿಸಿ ನೋಡಿ. ಅದರಲ್ಲಿ ಮಾನಿಟರ್ ಬಂದರೆ ನಿಮ್ಮ ಲ್ಯಾಪ್‌ಟಾಪಿನ ಪೋರ್ಟ್ ಜೀವಂತವಾಗಿದೆ, ರಿಪೇರಿ ಅಂಗಡಿಯ ಮಾತೇ ಬೇಡ.

ಕನ್ವರ್ಟರ್‌ಗಳಿಗೆ ದಿಕ್ಕಿದೆ

ಮನೆಯಲ್ಲಿ ಹಳೆಯ ಡೆಸ್ಕ್‌ಟಾಪಿನ ಮಾನಿಟರ್ ಇರುತ್ತದೆ, ಅದಕ್ಕೆ ನೀಲಿ ಬಣ್ಣದ ವಿಜಿಎ ಕೇಬಲ್ ಮಾತ್ರ. ಹೊಸ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಮಾತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ನಡುವೆ ಹಾಕಲು ಒಂದು ಕನ್ವರ್ಟರ್ ಕೊಳ್ಳುತ್ತೇವೆ. ಎರಡೂ ತುದಿ ಹೊಂದಿಕೊಂಡರೆ ಸಾಕು ಎಂದುಕೊಂಡು ಕೊಂಡರೆ ತೊಂದರೆ ಇಲ್ಲಿಂದಲೇ ಶುರು. ಎಚ್‌ಡಿಎಂಐ ಡಿಜಿಟಲ್, ವಿಜಿಎ ಅನಲಾಗ್. ನಡುವೆ ಒಂದು ಚಿಪ್ ಕೂತು ಒಂದನ್ನು ಇನ್ನೊಂದಾಗಿ ಮಾರ್ಪಡಿಸಬೇಕು, ಆ ಚಿಪ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ‘ಎಚ್‌ಡಿಎಂಐ ಟು ವಿಜಿಎ’ ಬೇರೆ ವಸ್ತು, ‘ವಿಜಿಎ ಟು ಎಚ್‌ಡಿಎಂಐ’ ಬೇರೆ ವಸ್ತು. ಯಾವುದು ಲ್ಯಾಪ್‌ಟಾಪಿನ ಕಡೆಯದೋ ಅದು ಮೊದಲು ಬರಬೇಕು. ಚಿಪ್ಪೇ ಇಲ್ಲದೆ ಬರೀ ತಂತಿ ಜೋಡಿಸಿದ ಎಚ್‌ಡಿಎಂಐ-ವಿಜಿಎ ಕೇಬಲ್‌ಗಳೂ ಮಾರಾಟಕ್ಕಿವೆ, ಲ್ಯಾಪ್‌ಟಾಪಿಗೆ ಅವು ಕೆಲಸಕ್ಕೆ ಬಾರವು.

ಆ ಚಿಪ್‌ಗೆ ವಿದ್ಯುತ್ತೂ ಬೇಕು. ಎಚ್‌ಡಿಎಂಐ ನಿಯಮದ ಪ್ರಕಾರ 18ನೇ ಪಿನ್‌ನಿಂದ ಖಾತರಿಯಾಗಿ ಸಿಗುವುದು 55 ಮಿಲಿಆಂಪ್ ಅಷ್ಟೇ. ಹೆಚ್ಚು ಎಳೆಯುವ ಕನ್ವರ್ಟರ್ ಒಂದು ಲ್ಯಾಪ್‌ಟಾಪಿನಲ್ಲಿ ನಡೆದು ಇನ್ನೊಂದರಲ್ಲಿ ಸತ್ತಂತಿರುವುದು ಇದೇ ಕಾರಣಕ್ಕೆ. ಕನ್ವರ್ಟರ್‌ನ ಪಕ್ಕದಲ್ಲಿ ಪುಟ್ಟ ಮೈಕ್ರೋ ಯುಎಸ್‌ಬಿ ತೂತಿದ್ದರೆ ಅದಕ್ಕೊಂದು ಫೋನ್ ಚಾರ್ಜರ್ ಹಾಕಿ ನೋಡಿ.

ಎಚ್‌ಡಿಎಂಐಯಂಥದೇ ಇನ್ನೊಂದು ವಿಡಿಯೋ ಸಂಪರ್ಕವಾದ ಡಿಸ್‌ಪ್ಲೇಪೋರ್ಟ್ ವಿಷಯದಲ್ಲೂ ದಿಕ್ಕು ಇದೆ. ಒಂದು ತುದಿ ಡಿಸ್‌ಪ್ಲೇಪೋರ್ಟ್, ಇನ್ನೊಂದು ತುದಿ ಎಚ್‌ಡಿಎಂಐ ಇರುವ ಸಾಧಾರಣ ಕೇಬಲ್, ಡಿಸ್‌ಪ್ಲೇಪೋರ್ಟ್ ಇರುವ ಕಂಪ್ಯೂಟರ್‌ನಿಂದ ಎಚ್‌ಡಿಎಂಐ ಮಾನಿಟರಿಗೆ ಮಾತ್ರ ಕೆಲಸ ಮಾಡುತ್ತದೆ. ಎಚ್‌ಡಿಎಂಐ ಲ್ಯಾಪ್‌ಟಾಪಿನಿಂದ ಡಿಸ್‌ಪ್ಲೇಪೋರ್ಟ್ ಮಾನಿಟರಿಗೆ ಅದೇ ಕೇಬಲನ್ನು ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ, ಅದಕ್ಕೆ ವಿದ್ಯುತ್ ತೆಗೆದುಕೊಳ್ಳುವ ಬೇರೆಯೇ ಕನ್ವರ್ಟರ್ ಬೇಕು. ಸೆಮಿನಾರ್ ಹಾಲ್‌ಗಳಲ್ಲಿ ಪ್ರೊಜೆಕ್ಟರ್‌ವರೆಗೆ ಎಳೆಯುವ ಉದ್ದನೆಯ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್‌ಗಳ ತುದಿಗಳಲ್ಲಿ ‘ಸೋರ್ಸ್’, ‘ಡಿಸ್‌ಪ್ಲೇ’ ಎಂದು ಬರೆದಿರುತ್ತಾರೆ, ಅದನ್ನು ಅದಲುಬದಲು ಮಾಡಿದರೂ ಇದೇ ಫಲ. ಹತ್ತು ಮೀಟರ್ ದಾಟಿದ ಸಾದಾ ಎಚ್‌ಡಿಎಂಐ ಕೇಬಲನ್ನು ನಂಬಬೇಡಿ.

ವಿಜಿಎ ಪ್ಲಗ್ ಇದ್ದರೆ ಬೆಳಕಿಗೆ ಹಿಡಿದು ಪಿನ್‌ಗಳನ್ನು ನೋಡಿ. ಐದೈದರ ಮೂರು ಸಾಲು, ಒಟ್ಟು 15. ನಡುವಿನ ಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಗಾಬರಿ ಬೇಡ, 9ನೇ ಪಿನ್ ಇಲ್ಲದ ಪ್ಲಗ್‌ಗಳು ಸಾಮಾನ್ಯ. 12 ಮತ್ತು 15ನೇ ಪಿನ್‌ಗಳು ಬಾಗಿದ್ದರೆ ಮಾತ್ರ ಚಿಂತಿಸಬೇಕು, ಇಡಿಐಡಿ ಹಾದುಹೋಗುವುದು ಅವುಗಳಲ್ಲೇ. ಅವು ಮುಟ್ಟದಿದ್ದಾಗ ಚಿತ್ರ ಬಂದರೂ 1024×768ರಂಥ ಒರಟು ಗಾತ್ರದಲ್ಲಿ ಬರುತ್ತದೆ, ಅಥವಾ ಮಾನಿಟರ್ ಸಿಗುವುದೇ ಇಲ್ಲ.

ಟೈಪ್-ಸಿ: ಚಾರ್ಜ್ ಆಗುತ್ತಿದೆ ಎಂದರೆ ಕೇಬಲ್ ಸರಿಯಿದೆ ಎಂದಲ್ಲ

ಈಚೆಗೆ ನನ್ನ ಬಳಿ ಬರುವ ದೂರುಗಳಲ್ಲಿ ಹೆಚ್ಚಿನವು ಇದರವೇ. ಮನೆಯಿಂದ ಕೆಲಸ ಮಾಡುವ ಪರಿಚಯದ ಹುಡುಗನೊಬ್ಬ ಹೊಸ ಮಾನಿಟರ್ ತಂದಿದ್ದ. ಒಂದೇ ಟೈಪ್-ಸಿ ಕೇಬಲ್ ಹಾಕಿದರೆ ಲ್ಯಾಪ್‌ಟಾಪ್ ಚಾರ್ಜ್ ಆಗಬೇಕು, ಚಿತ್ರವೂ ಬರಬೇಕು. ಚಾರ್ಜ್ ಆಗುತ್ತಿತ್ತು, ಚಿತ್ರ ಇಲ್ಲ. “ಚಾರ್ಜ್ ಆಗ್ತಿದೆಯಲ್ಲ ಸಾರ್, ಕೇಬಲ್ ಸರಿಯಾಗೇ ಇದೆ, ಲ್ಯಾಪ್‌ಟಾಪ್ ಪೋರ್ಟೇ ಹೋಗಿರ್ಬೇಕು” ಎಂದ. ಕೇಬಲ್ ಕೈಗೆ ತೆಗೆದುಕೊಂಡರೆ ಮೆತ್ತಗಿತ್ತು, ತೆಳ್ಳಗಿತ್ತು, ಫೋನಿನ ಜೊತೆ ಬಂದಿದ್ದು. ಮಾನಿಟರಿನ ಪೆಟ್ಟಿಗೆಯ ತಳದಲ್ಲಿ, ಥರ್ಮೋಕೋಲ್ ಕೆಳಗೆ, ಅದರದೇ ಕೇಬಲ್ ಕವರ್ ಬಿಚ್ಚದೆ ಬಿದ್ದಿತ್ತು. ಹಾಕಿದೊಡನೆ ಪರದೆ ಬೆಳಗಿತು.

ಟೈಪ್-ಸಿ ಪೋರ್ಟ್‌ನಲ್ಲಿ 24 ಸಂಪರ್ಕಗಳಿವೆ. ಫೋನ್ ಚಾರ್ಜಿಂಗ್ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ತಿಗೂ ಯುಎಸ್‌ಬಿ 2.0 ವೇಗದ ಡೇಟಾಕ್ಕೂ ಬೇಕಾದ ತಂತಿಗಳಷ್ಟೇ ಇರುತ್ತವೆ. ಅದರಲ್ಲಿ ಚಾರ್ಜ್ ಆಗುತ್ತದೆ, ಫೋಟೋ ಕಾಪಿಯೂ ಆಗುತ್ತದೆ, ಆದರೆ ಚಿತ್ರ ಸಾಗಬೇಕಾದ ಅತಿವೇಗದ ಜೋಡಿ ತಂತಿಗಳೇ ಇರುವುದಿಲ್ಲ. ನೋಡಲು ಎರಡೂ ಕೇಬಲ್ ಒಂದೇ ಥರ.

ಕೇಬಲ್ ಸರಿಯಿದ್ದರೂ ಲ್ಯಾಪ್‌ಟಾಪಿನ ಪೋರ್ಟ್‌ಗೆ ವಿಡಿಯೋ ಕೊಡುವ ಶಕ್ತಿ ಇರಬೇಕು. ಇದಕ್ಕೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎನ್ನುತ್ತಾರೆ. ಪೋರ್ಟಿನ ಪಕ್ಕ ಡಿ ಅಕ್ಷರದೊಳಗೆ ಪಿ ಇರುವ ಗುರುತಿದ್ದರೆ ಅಥವಾ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತಿದ್ದರೆ ವಿಡಿಯೋ ಬರುತ್ತದೆ. ತ್ರಿಶೂಲದ ಯುಎಸ್‌ಬಿ ಗುರುತು ಮಾತ್ರ ಇದ್ದರೆ ಅದರಿಂದ ಏನೂ ಹೇಳಲಾಗದು. ಎರಡು ಟೈಪ್-ಸಿ ಪೋರ್ಟ್ ಇದ್ದು ಒಂದರಲ್ಲಿ ಮಾತ್ರ ವಿಡಿಯೋ ಇರುವ ಲ್ಯಾಪ್‌ಟಾಪ್‌ಗಳೂ ಇವೆ. ಲ್ಯಾಪ್‌ಟಾಪಿನ ತಳದಲ್ಲಿರುವ ಪೂರ್ತಿ ಮಾಡೆಲ್ ನಂಬರ್ ಹಿಡಿದು ತಯಾರಕರ ಮಾಹಿತಿ ಪುಟದಲ್ಲಿ ಓದಿಕೊಳ್ಳಿ. ಪೋರ್ಟ್‌ನಲ್ಲಿ ಈ ಸೌಲಭ್ಯವೇ ಇಲ್ಲವೆಂದರೆ ಯಾವ ಡ್ರೈವರೂ ಅದನ್ನು ತಂದುಕೊಡದು. ಮಾನಿಟರಿನ ಟೈಪ್-ಸಿ ಕೂಡ ಬರೀ ಚಾರ್ಜಿಂಗ್‌ಗೋ ಯುಎಸ್‌ಬಿ ಹಬ್‌ಗೋ ಇರಬಹುದು.

ಒಂದು ಸರಳ ಪರೀಕ್ಷೆ: ಟೈಪ್-ಸಿ ಪ್ಲಗ್ ತೆಗೆದು ತಲೆಕೆಳಗು ಮಾಡಿ ಹಾಕಿ. ಒಂದು ಕಡೆಯಿಂದ ಹಾಕಿದಾಗ ಬಂದು ಇನ್ನೊಂದು ಕಡೆಯಿಂದ ಹಾಕಿದಾಗ ಬರದಿದ್ದರೆ ಪೋರ್ಟಿನ ಅಥವಾ ಪ್ಲಗ್ಗಿನ ಒಂದು ಸಾಲಿನ ಸಂಪರ್ಕ ಕೆಟ್ಟಿದೆ, ಸೆಟ್ಟಿಂಗ್‌ಗಳನ್ನು ತಡಕುವುದು ಬೇಡ. ಟಾರ್ಚ್ ಹಾಕಿ ಪೋರ್ಟಿನೊಳಗೆ ನೋಡಿ. ಬ್ಯಾಗಿನ ನೂಲು, ಧೂಳು ತುಂಬಿ ಪ್ಲಗ್ ಪೂರ್ತಿ ಕೂರದೇ ಇರಬಹುದು. ಲ್ಯಾಪ್‌ಟಾಪ್ ಆಫ್ ಮಾಡಿ, ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ ಹಾಕಬೇಡಿ.

ಮ್ಯಾಕ್‌ಬುಕ್ ಇರುವವರಿಗೆ ಇನ್ನೊಂದು ಮಾತು. ಎಂ1 ಮತ್ತು ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್‌ಗಳು ಹೊರಗಿನ ಒಂದೇ ಮಾನಿಟರಿಗೆ ಬೆಂಬಲ ಕೊಡುತ್ತವೆ. ಎಂ3 ಏರ್ ಎರಡು ಕೊಡುತ್ತದೆ, ಆದರೆ ಮುಚ್ಚಳ ಮುಚ್ಚಿದ್ದಾಗ. ಎರಡನೆಯ ಮಾನಿಟರ್ ಸಿಗುತ್ತಿಲ್ಲವೆಂದು ಹಬ್ ಮೇಲೆ ಹಬ್ ಕೊಂಡವರಿದ್ದಾರೆ. ಅಲ್ಲಿ ಕೆಟ್ಟಿರುವುದು ಏನೂ ಇಲ್ಲ. ಚಿತ್ರವನ್ನು ಯುಎಸ್‌ಬಿ ಡೇಟಾ ರೂಪದಲ್ಲಿ ಸಾಗಿಸುವ ಡಿಸ್‌ಪ್ಲೇಲಿಂಕ್ ಚಿಪ್ ಇರುವ ಅಡಾಪ್ಟರ್ ಕೊಂಡು ಅದರ ಸಾಫ್ಟ್‌ವೇರ್ ಹಾಕಿಕೊಂಡರೆ ಎರಡನೆಯದೂ ನಡೆಯುತ್ತದೆ, ‘ಸ್ಕ್ರೀನ್ ರೆಕಾರ್ಡಿಂಗ್’ ಅನುಮತಿ ಕೊಡಲು ಮರೆಯಬಾರದು ಅಷ್ಟೇ. ವಿಂಡೋಸ್‌ನಲ್ಲಿ ಸಾದಾ ಚಪ್ಪಟೆ ಯುಎಸ್‌ಬಿಯಿಂದ ಎಚ್‌ಡಿಎಂಐ ಕೊಡುವ ಅಡಾಪ್ಟರ್‌ಗಳಿಗೂ ಹೀಗೆ ಅವುಗಳದೇ ಡ್ರೈವರ್ ಬೇಕು.

ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳು

ಗೇಮಿಂಗ್ ಲ್ಯಾಪ್‌ಟಾಪ್ ಇದ್ದವರು ಇದನ್ನು ಗಮನವಿಟ್ಟು ಓದಬೇಕು. ಇವುಗಳಲ್ಲಿ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಒಂದು, ಎನ್‌ವಿಡಿಯಾದಂಥ ಪ್ರತ್ಯೇಕ ಗ್ರಾಫಿಕ್ಸ್ ಇನ್ನೊಂದು. ಲ್ಯಾಪ್‌ಟಾಪಿನ ಸ್ವಂತ ಪರದೆ ಸಾಮಾನ್ಯವಾಗಿ ಮೊದಲನೆಯದರ ಕೈಯಲ್ಲಿರುತ್ತದೆ. ಎಚ್‌ಡಿಎಂಐ ಪೋರ್ಟ್‌ನ ತಂತಿ ಮಾತ್ರ ಅನೇಕ ಮಾಡೆಲ್‌ಗಳಲ್ಲಿ ನೇರ ಎನ್‌ವಿಡಿಯಾಗೆ ಹೋಗುತ್ತದೆ. ಎನ್‌ವಿಡಿಯಾ ಡ್ರೈವರ್ ಕೆಟ್ಟರೆ ಲ್ಯಾಪ್‌ಟಾಪಿನ ಪರದೆಯಲ್ಲಿ ಎಳ್ಳಷ್ಟೂ ತೊಂದರೆ ಕಾಣುವುದಿಲ್ಲ, ಎಚ್‌ಡಿಎಂಐ ಮಾತ್ರ ಸತ್ತಿರುತ್ತದೆ. ‘ಪೋರ್ಟ್ ಹೋಗಿದೆ, ಬೋರ್ಡ್ ಬದಲಿಸಬೇಕು’ ಎಂಬ ತಪ್ಪು ತೀರ್ಪು ಬರಲು ಈ ಪರಿಸ್ಥಿತಿಯೇ ದಾರಿ ಮಾಡುತ್ತದೆ.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ಬಿಡಿಸಿ. ಎರಡು ಹೆಸರು ಇರಬೇಕು. ಒಂದೇ ಇದ್ದರೆ, ಹಳದಿ ಗುರುತಿದ್ದರೆ, ‘ಕೋಡ್ 43’ ಎಂಬ ದೋಷಸೂಚನೆ ಇದ್ದರೆ, ಅಥವಾ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದು ಕಂಡರೆ ಡ್ರೈವರ್ ಕಡೆ ತಿರುಗಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫಿಸ್‌ಎಕ್ಸ್ (PhysX) ಸೆಟ್ಟಿಂಗ್ ಇರುವ ಪುಟ ತೆರೆದರೆ ಯಾವ ಪೋರ್ಟ್ ಯಾವ ಚಿಪ್‌ಗೆ ಸೇರಿದೆ ಎಂಬ ಚಿತ್ರವೇ ಸಿಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಉಳಿಸಲು ‘ಇಕೋ ಮೋಡ್’ ಇದೆ. ಅದು ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪನ್ನೇ ಆಫ್ ಮಾಡುವುದರಿಂದ ಜೊತೆಗೆ ಎಚ್‌ಡಿಎಂಐಯೂ ಆಫ್.

ನಿನ್ನೆಯವರೆಗೆ ಚೆನ್ನಾಗಿದ್ದು ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಡ್ರೈವರ್‌ನ ಪ್ರಾಪರ್ಟೀಸ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಆ ಬಟನ್ ಮಸುಕಾಗಿದ್ದರೆ ಲ್ಯಾಪ್‌ಟಾಪ್ ತಯಾರಕರ ಪುಟದಿಂದ ನಿಮ್ಮ ಮಾಡೆಲ್‌ನದೇ ಡ್ರೈವರ್ ಇಳಿಸಿ ಹಾಕಿ. ಡ್ರೈವರ್ ತಾತ್ಕಾಲಿಕವಾಗಿ ಸ್ತಬ್ಧವಾಗಿದೆ ಎನಿಸಿದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಪರದೆ ಒಮ್ಮೆ ಮಿನುಗಿ ಬೀಪ್ ಕೇಳುತ್ತದೆ, ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ತೆರೆದ ಫೈಲುಗಳಿಗೆ ತೊಂದರೆ ಇಲ್ಲ.

ಉಬುಂಟುವಿನಲ್ಲಿ ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದ ಮರುದಿನ ಎಚ್‌ಡಿಎಂಐ ಸತ್ತಿದ್ದರೆ ಎನ್‌ವಿಡಿಯಾ-ಎಸ್‌ಎಂಐ (nvidia-smi) ಕಮಾಂಡ್ ಕೊಟ್ಟು ನೋಡಿ. ಡ್ರೈವರ್ ಜೊತೆ ಮಾತಾಡಲು ಆಗುತ್ತಿಲ್ಲ ಎಂಬ ಸಂದೇಶ ಬಂದರೆ ಡ್ರೈವರ್‌ನ ಮಾಡ್ಯೂಲ್ (ಕರ್ನಲ್‌ಗೆ ಸೇರಿಕೊಳ್ಳುವ ಭಾಗ) ಲೋಡ್ ಆಗಿಲ್ಲ. ಸಹಿಯಿಲ್ಲದ ಸಾಫ್ಟ್‌ವೇರನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದು ಮಾಡ್ಯೂಲ್‌ಗೆ ಸಹಿ ಇಲ್ಲದಿದ್ದರೆ ಹೀಗಾಗುತ್ತದೆ. ಯಾವ ಗ್ರಾಫಿಕ್ಸ್ ಚಿಪ್ ಬಳಸಬೇಕೆಂದು ಆರಿಸುವ ಪ್ರೈಮ್-ಸೆಲೆಕ್ಟ್‌ನಲ್ಲಿ (prime-select) ‘ಇಂಟೆಲ್’ ಆರಿಸಿಟ್ಟು ಮರೆತಿದ್ದರೂ ಅದೇ ಲಕ್ಷಣ.

ಸಿಕ್ಕಿದೆ, ಆದರೆ ಕಪ್ಪು ಪರದೆ

ಎರಡು ಚೌಕ ಕಾಣುತ್ತಿದ್ದು ಮಾನಿಟರ್ ಕಪ್ಪಾಗಿದ್ದರೆ ಅಥವಾ ‘ಔಟ್ ಆಫ್ ರೇಂಜ್’ ಎಂದರೆ ಎರಡನೆಯ ಚೌಕವನ್ನು ಆರಿಸಿ 1920×1080, 60 ಹರ್ಟ್ಸ್‌ಗೆ ಇಳಿಸಿ, ಬೆಳಕು-ಬಣ್ಣ ಹೆಚ್ಚಿಸಿ ತೋರಿಸುವ ಎಚ್‌ಡಿಆರ್ ಆಫ್ ಮಾಡಿ. ಎಚ್‌ಡಿಎಂಐ 1.4 ಪೋರ್ಟಿನಿಂದ 4ಕೆ ಚಿತ್ರ 30 ಹರ್ಟ್ಸ್‌ಗಿಂತ ಮೇಲೆ ಹೋಗದು, 60ಕ್ಕೆ ಎಚ್‌ಡಿಎಂಐ 2.0 ಬೇಕು. ಡಿಸ್‌ಪ್ಲೇಪೋರ್ಟ್ ಆದರೆ ಮಾನಿಟರಿನ ಮೆನುವಿನಲ್ಲಿ ಅದರ ಆವೃತ್ತಿಯನ್ನು 1.4ರಿಂದ 1.2ಕ್ಕೆ ಇಳಿಸಿ ನೋಡಬಹುದು. ಸಿನಿಮಾ ಹಾಕಿದಾಗ ಮಾತ್ರ ಕಪ್ಪಾದರೆ ಅದು ಎಚ್‌ಡಿಸಿಪಿ ಎಂಬ ನಕಲು ತಡೆಯ ಸಮಸ್ಯೆ, ನಡುವಿನ ಕನ್ವರ್ಟರ್ ತೆಗೆದು ನೇರ ಕೇಬಲ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕುರ್ಚಿಯಿಂದ ಎದ್ದಾಗ, ಕೂತಾಗ ಮಾನಿಟರ್ ಕ್ಷಣಕಾಲ ಕಪ್ಪಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಿ. ಗ್ಯಾಸ್ ಲಿಫ್ಟ್ ಇರುವ ಆಫೀಸ್ ಕುರ್ಚಿಗಳಲ್ಲಿ ಹುಟ್ಟುವ ಸ್ಥಿರವಿದ್ಯುತ್ತಿನ ಅಲೆ ವಿಡಿಯೋ ಕೇಬಲ್‌ಗೆ ತಾಗಿ ಸಂಪರ್ಕ ಕಡಿಯುತ್ತದೆ. ಒಳ್ಳೆಯ ಶೀಲ್ಡಿಂಗ್ ಇರುವ ಗಿಡ್ಡ ಕೇಬಲ್ ಹಾಕಿದರೆ ತೊಂದರೆ ಕಡಿಮೆಯಾಗುತ್ತದೆ.

ರಿಪೇರಿಗೆ ಕೊಡುವ ಮುಂಚೆ

ಅದೇ ಕೇಬಲ್, ಅದೇ ಮಾನಿಟರ್ ಬೇರೊಬ್ಬರ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್ ಉಬುಂಟು ಹಾಕಿದರೂ ಮಾನಿಟರ್ ಸಿಗುವುದಿಲ್ಲ, ಡಿವೈಸ್ ಮ್ಯಾನೇಜರ್‌ನಲ್ಲಿ ಎರಡೂ ಗ್ರಾಫಿಕ್ಸ್ ಚಿಪ್ ಆರೋಗ್ಯವಾಗಿವೆ. ಇಷ್ಟೂ ಚೀಟಿಯಲ್ಲಿ ಬರೆದಾಗಿದ್ದರೆ ಮಾತ್ರ ಪೋರ್ಟಿನ ಮೇಲೆ ಅನುಮಾನ ಪಡಿ. ಪ್ಲಗ್ ಹಾಕಿ ಸ್ವಲ್ಪ ಮೇಲೆ ಕೆಳಗೆ ಅಲುಗಿಸಿದಾಗ ಚಿತ್ರ ಬಂದು ಹೋದರೆ ಬೆಸುಗೆ ಬಿಟ್ಟಿದೆ. ಅದಕ್ಕೆ ಎಚ್‌ಡಿಎಂಐ ಪೋರ್ಟನ್ನಷ್ಟೇ ಬಿಚ್ಚಿ ಹೊಸದನ್ನು ಬೆಸೆಯುತ್ತಾರೆ, ಇಡೀ ಮದರ್‌ಬೋರ್ಡ್ ಬದಲಿಸುವ ಅಗತ್ಯವಿಲ್ಲ. ವಾರಂಟಿ ಇದ್ದರೆ ಹೊರಗೆ ಬಿಚ್ಚಿಸಬೇಡಿ. ವಾರಂಟಿ ಮುಗಿದಿದ್ದು ಲ್ಯಾಪ್‌ಟಾಪಿನಲ್ಲಿ ವಿಡಿಯೋ ಕೊಡುವ ಟೈಪ್-ಸಿ ಇದ್ದರೆ ರಿಪೇರಿಗೆ ಬದಲು ಟೈಪ್-ಸಿಯಿಂದ ಎಚ್‌ಡಿಎಂಐ ಕೊಡುವ ಅಡಾಪ್ಟರ್ ಹಾಕಿ ವರ್ಷಗಟ್ಟಲೆ ನಡೆಸಬಹುದು.

ಬೆಸೆಸುವುದೇ ಆದರೆ ಚೀಟಿಯನ್ನು ಅಂಗಡಿಯವರ ಕೈಗೆ ಕೊಡಿ, ನಿಮ್ಮ ಕೇಬಲನ್ನೂ ಜೊತೆಗೆ ಒಯ್ಯಿರಿ. ಕೆಲಸ ಮುಗಿದ ಮೇಲೆ ಅಲ್ಲೇ ಅವರ ಮಾನಿಟರಿಗೆ ನಿಮ್ಮ ಕೇಬಲ್ ಹಾಕಿಸಿ, ಪ್ಲಗ್ ಅಲುಗಿಸಿ, ಚಿತ್ರ ಕದಲದೆ ನಿಂತಿದ್ದನ್ನು ನೋಡಿದ ಮೇಲೆಯೇ ಹಣ ಕೊಡಿ.